ಗಾಲಿಗೆ ನೆಟ್ಟ ಮೊಳೆ, ಮಾತಿಗೆ ನೆಟ್ಟ ಮೊಳೆ



ಕಳೆದ ಬೇಸಗೆಯ ಆರಂಭದಲ್ಲಿ ಶ್ರೀಮಠದ ಕಾರ್ಯನಿಮಿತ್ತ ಬಾಗಲಕೋಟೆಯಿಂದ ಕೂಡಲಸಂಗಮಕ್ಕೆ ಹೊರಟಿದ್ದೆವು. ವಾಹನ ನನ್ನ ಸ್ಕೂಟರು. ಹಿಂದೆ ಕುಳಿತವರು ಎಪ್ಪತ್ತು ದಾಟಿದ, ನಾವೆಲ್ಲ 'ಅಜ್ಜಾರು' ಎಂದೇ ಕರೆಯುವ ಹಿರಿಯರು. ಕಾಲ ಬಳಿ ಪುಸ್ತಕಗಳ ಒಂದು ಕಟ್ಟು, ಅದರ ಮೇಲೆ ಅಮೀನಗಡದಲ್ಲಿ ಕೊಂಡ ಕರದಂಟಿನ ಪೊಟ್ಟಣ. ಅಮೀನಗಡ ದಾಟಿ ಹುನಗುಂದದ ದಿಕ್ಕಿನಲ್ಲಿ ನಾಲ್ಕೈದು ಕಿಲೋಮೀಟರು ಸಾಗಿರಬಹುದು. ವಾಹನದ ಹಿಂಭಾಗವು ಅಂಬಾರಿಯಂತೆ ಅತ್ತಿತ್ತ ತೂಗತೊಡಗಿತು. ಮೊದಲಿಗೆ ಅಜ್ಜಾರು ಮಗ್ಗುಲು ಬದಲಿಸುತ್ತಿದ್ದಾರೆಂದು ಭಾವಿಸಿದೆ. ಅವರೋ ನನಗೆ ನಿದ್ದೆ ಬಂದಿದೆಯೆಂದು ಭಾವಿಸಿದ್ದರಂತೆ.

"ತಮ್ಮಾ, ಗಾಲಿ ಕುಂತೈತಿ. ಬ್ರೇಕ್ ಒತ್ತಬ್ಯಾಡ, ಹಂಗ ಸಾವಕಾಶ ಬಿಡು" ಎಂದರು. ಅವರ ಮಾತು ಸರಿಯಾಗಿತ್ತು. ಗಾಳಿ ಇಳಿದ ಗಾಲಿಯ ಮೇಲೆ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಟೈರು ಅಂಚಿನಿಂದ ಜಾರಿ ವಾಹನ ಅಡ್ಡಬೀಳುವ ಸಂಭವವುಂಟು. ವೇಗವನ್ನು ತಾನಾಗಿ ಇಳಿಯಗೊಟ್ಟು, ಹಿಡಿಕೆಯನ್ನು ನೇರವಾಗಿ ಹಿಡಿದು, ಎಡಕ್ಕೆ ಸರಿದು ನಿಲ್ಲುವುದೇ ಕ್ಷೇಮ. ಹಾಗೆಯೇ ನಿಂತೆವು. ಸುತ್ತ ಎರೆಭೂಮಿ, ಬೇಲಿಗೆ ಜಾಲಿ, ನೆರಳಿಗೆ ಒಂದೇ ಬೇವಿನ ಮರ.

ಇಲ್ಲಿಯವರೆಗೆ ನಡೆದುದೆಲ್ಲ ಅಜ್ಜಾರ ಅನುಭವದ ಫಲ. ಮುಂದಿನದು ನನ್ನ ವಿದ್ಯೆಯ ಫಲ. ಹಿಂದಿನ ಟೈರನ್ನು ತಿರುಗಿಸಿ ನೋಡಲಾಗಿ ಅದರ ನಡುವೆ ಒಂದು ಚಪ್ಪಟೆಯಾದ ಮೊಳೆ ನೆಟ್ಟಿತ್ತು. ರೋಗದ ಮೂಲ ಕಂಡಿತೆಂಬ ಹುರುಪಿನಲ್ಲಿ ಕೀಲಿಕೈಯಿಂದ ಮೀಟಿ ಅದನ್ನು ಕಿತ್ತೆ. "ಕೀಳಬ್ಯಾಡ" ಎಂದು ಅಜ್ಜಾರು ಹೇಳುವುದಕ್ಕೂ, ಉಳಿದಿದ್ದ ಗಾಳಿಯೆಲ್ಲ ಬುಸ್ಸೆಂದು ಹೊರಬರುವುದಕ್ಕೂ ಸರಿಹೋಯಿತು. ಟ್ಯೂಬಿಲ್ಲದ, ಅಂದರೆ ಟ್ಯೂಬ್‌ಲೆಸ್ ಟೈರಿನ ಗುಣವೇ ಬೇರೆ. ಮೊಳೆ ನೆಟ್ಟರೂ ಅದರ ರಬ್ಬರು ಮೊಳೆಯನ್ನೇ ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಗಾಳಿ ಮೆಲ್ಲಮೆಲ್ಲನೆ ಸೋರುತ್ತದೆ. ಮೊಳೆಯನ್ನು ಇದ್ದಲ್ಲಿಯೇ ಬಿಟ್ಟು ಗಾಳಿ ತುಂಬಿಸಿಕೊಂಡರೆ ಅಂಗಡಿಯವರೆಗೆ ನಿಧಾನವಾಗಿ ಹೋಗಿ ಮುಟ್ಟಬಹುದು. ಟ್ಯೂಬುಳ್ಳ ಟೈರಿನಲ್ಲಾದರೆ ಒಳಗಿನ ಟ್ಯೂಬು ತೂತಾದೊಡನೆ ಗಾಳಿ ಬೇಗನೆ ಖಾಲಿಯಾಗುವುದು. ಈ ವ್ಯತ್ಯಾಸವನ್ನು ಕನ್ನಡ ಎಂ.ಎ. ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ ಎಂದು ಅಜ್ಜಾರ ಮುಂದೆ ಸಮರ್ಥಿಸಿಕೊಂಡೆ. "ಹೇಳಿದ್ರೂ ನೀ ಅದರ ಮ್ಯಾಲ ಒಂದು ಪ್ರಬಂಧ ಬರೀತಿದ್ದಿ" ಎಂದು ನಕ್ಕರು.

ನೆರಳಿನಲ್ಲಿ ಕುಳಿತು ಅಜ್ಜಾರು ತಮ್ಮ ಹಳೆಯ ಬಜಾಜ್ ಚೇತಕ್ ಸ್ಕೂಟರನ್ನು ನೆನೆದರು. 1972ರಲ್ಲಿ ಬಂದ ಆ ವಾಹನಕ್ಕೆ ಸ್ಟೆಪ್ನಿ, ಎಂದರೆ ಮೀಸಲು ಗಾಲಿ, ಇರುತ್ತಿತ್ತು. ಮುಂದಿನದೂ ಹಿಂದಿನದೂ ಒಂದೇ ಅಳತೆಯ ಹತ್ತಂಗುಲದ ಗಾಲಿಗಳಾದ್ದರಿಂದ ಒಂದೇ ಸ್ಟೆಪ್ನಿ ಎರಡಕ್ಕೂ ಸಲ್ಲುತ್ತಿತ್ತು. ನಟ್ಟು ಬಿಚ್ಚಿ, ಗಾಲಿ ಬದಲಿಸಿ, ಕೈಯೊರಸಿಕೊಂಡು ಹೊರಡಲು ಕಾಲು ಗಂಟೆ ಸಾಕು. ಧೋತರ ಉಟ್ಟ ಶಾಲಾ ಮಾಸ್ತರರೂ ಇದನ್ನು ಬಲ್ಲವರಾಗಿದ್ದರು. (ಸ್ಟೆಪ್ನಿ ಎಂಬ ಪದವು ಬ್ರಿಟನ್ನಿನ ವೇಲ್ಸ್ ಪ್ರಾಂತದ ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಬಂದುದು, 1904ರ ಸುಮಾರಿಗೆ ಅಲ್ಲಿ ಮೀಸಲು ಗಾಲಿಯ ತಯಾರಿಕೆ ಆರಂಭವಾಯಿತು. ಆ ಬೀದಿಯ ಹೆಸರು ನಮ್ಮ ಹಳ್ಳಿಯ ಮೆಕ್ಯಾನಿಕ್ಕನ ಬಾಯಲ್ಲಿ ಇಂದಿಗೂ ಉಳಿದಿರುವುದು ಪದಗಳ ಪಯಣದ ಸೋಜಿಗಗಳಲ್ಲೊಂದು.) ಇಂದಿನ ಹಲವು ಸ್ಕೂಟರುಗಳಲ್ಲಿ ಮುಂದಿನ ಗಾಲಿ ಹನ್ನೆರಡು ಅಂಗುಲ, ಹಿಂದಿನದು ಹತ್ತು ಅಂಗುಲ. ಹಿಂದಿನ ಗಾಲಿಯನ್ನು ಬಿಚ್ಚಬೇಕಾದರೆ ಎಷ್ಟೋ ಮಾದರಿಗಳಲ್ಲಿ ಸೈಲೆನ್ಸರನ್ನೇ ಕಳಚಬೇಕು. ಚೇತಕ್ ಎಂಬ ಹೆಸರಿನಲ್ಲಿಯೇ 2020ರಲ್ಲಿ ಮಾರುಕಟ್ಟೆಗೆ ಬಂದ ವಿದ್ಯುತ್ ಸ್ಕೂಟರಿಗೂ ಸ್ಟೆಪ್ನಿ ಇಲ್ಲ. ಸೀಟಿನಡಿ ಹೆಲ್ಮೆಟ್ ಇಡಲು ಸ್ಥಳ ದೊರೆಯಿತು, ಸ್ವಾವಲಂಬನೆಗೆ ಸ್ಥಳ ಉಳಿಯಲಿಲ್ಲ ಎಂಬುದು ನನ್ನ ಅಭಿಪ್ರಾಯ. ಟ್ಯೂಬ್‌ಲೆಸ್ ಟೈರು ಬಂದ ಬಳಿಕ ಸ್ಟೆಪ್ನಿ ಅನಾವಶ್ಯಕ ಎನ್ನುವವರು, ಅಂಗಡಿಯೇ ಇಲ್ಲದ ಹದಿನೈದು ಕಿಲೋಮೀಟರಿನ ರಸ್ತೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ ನಿಂತು ನೋಡಬೇಕು.

ಹಾಗೆಯೇ ಹತ್ತಿ ಓಡಿಸಿಕೊಂಡು ಹೋಗೋಣವೆಂಬ ಆಸೆ ನನಗೂ ಬಂತು. ಆದರೆ ಗಾಳಿಯಿಲ್ಲದ ಟೈರಿನ ಮೇಲೆ ಭಾರ ಬಿದ್ದರೆ ಅದರ ಪಕ್ಕದ ಗೋಡೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ನಡುವಿನ ತೂತಿಗೆ ಮದ್ದುಂಟು, ಪಕ್ಕದ ಗೋಡೆ ಹರಿದರೆ ಮದ್ದಿಲ್ಲ. ಹೊಸ ಟೈರೇ ಗತಿ. ಹೀಗಾಗಿ ನಾನು ತಳ್ಳಿದೆ, ಅಜ್ಜಾರು ಪುಸ್ತಕದ ಕಟ್ಟು ಹೊತ್ತು ನಡೆದರು. ಬೇಡವೆಂದರೂ ಕೇಳಲಿಲ್ಲ. ಒಂದೂವರೆ ಕಿಲೋಮೀಟರಿನಾಚೆ, ನೆಲದಲ್ಲಿ ಅರ್ಧ ಹೂತು ಬಿಳಿಯ ಬಣ್ಣ ಬಳಿದ ಹಳೆಯ ಟೈರೊಂದು ಕಂಡಿತು. ನಮ್ಮ ನಾಡಿನ ಪಂಚರ್ ಅಂಗಡಿಗಳಿಗೆ ಅದೇ ನಾಮಫಲಕ.

ಇಲ್ಲಿ ಒಂದು ಮಾತು ನಡೆಯಿತು. ಈ ಬರಹಕ್ಕೆ ಅದೇ ಕಾರಣ. ನಾವು ಅಂಗಡಿಯ ಮುಂದೆ ನಿಂತಾಗ ಪರಿಚಿತರೊಬ್ಬರು ಕಾರಿನಲ್ಲಿ ಬಂದು ನಿಲ್ಲಿಸಿದರು. ಅಜ್ಜಾರಿಗೆ ನಮಸ್ಕರಿಸಿ, ಅಂಗಡಿಯ ಹುಡುಗನಿಗೂ ಕೇಳುವಂತೆ, "ಇವರೇ ಮೊಳೆ ಚೆಲ್ಲಿರತಾರ್ರೀ. ಪಂಚರ್ ಹಾಕೋ ಮಂದಿ ಅಂದ್ರ ಮತ್ತೇನು" ಎಂದರು. ಹುಡುಗ ತಲೆಯೆತ್ತಲಿಲ್ಲ. ಅವರು ಹೋದ ಮೇಲೆ ಅಜ್ಜಾರು ನನ್ನ ಜೇಬಿನಲ್ಲಿದ್ದ ಮೊಳೆಯನ್ನು ಕೇಳಿ ತೆಗೆದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಅದು ಎತ್ತಿನ ಲಾಳದ ಮೊಳೆ. ಸವೆದ ಲಾಳದಿಂದ ಕಳಚಿ ಬಿದ್ದದ್ದು. ಅವರ ಮನೆಯಲ್ಲಿ ಒಂದು ಕಾಲಕ್ಕೆ ನಾಲ್ಕು ಎತ್ತುಗಳಿದ್ದವು. "ಇದನ್ನ ಚೆಲ್ಲಿದವ ಯಾರು ಹಂಗಾರ? ಬಸವಣ್ಣ!" ಎಂದರು, ಎತ್ತಿಗೆ ನಮ್ಮ ಕಡೆಯ ಹೆಸರನ್ನೇ ಹಿಡಿದು.

ಮೊಳೆ ಚೆಲ್ಲುವವರು ಇಲ್ಲವೆಂದು ನಾನು ವಾದಿಸುವುದಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ತಂತ್ರಜ್ಞರೊಬ್ಬರು ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಅಯಸ್ಕಾಂತ ಹಿಡಿದು ಹಲವು ಕಿಲೋಗ್ರಾಂ ಮೊಳೆಗಳನ್ನು ಆಯ್ದ ಸಂಗತಿ 2015ರ ಸುಮಾರಿಗೆ ಪತ್ರಿಕೆಗಳಲ್ಲಿ ಬಂದಿತ್ತು. ಒಂದೇ ತೂತನ್ನು ಐದೆಂದು ಎಣಿಸಿ ಹಣ ಕೇಳುವವರನ್ನೂ ಕಂಡಿದ್ದೇನೆ. ಊರು, ಅಂಗಡಿಯ ಹೆಸರು ಇಲ್ಲಿ ಬೇಡ. ಅದಕ್ಕೆ ಉಪಾಯ ಸರಳವಾದುದು. ಸಾಬೂನು ನೀರು ಹಚ್ಚುವಾಗ ಪಕ್ಕದಲ್ಲಿ ನಿಂತು ನೋಡಬೇಕು. ಎಲ್ಲಿ ಗುಳ್ಳೆ ಏಳುವುದೋ ಅಲ್ಲಿ ತೂತು, ಏಳದಿದ್ದಲ್ಲಿ ಇಲ್ಲ. ಹೀಗೆ ಕಣ್ಣಾರೆ ಪರೀಕ್ಷಿಸುವ ದಾರಿಯಿರುವಾಗ ಇಡೀ ಕಸುಬಿನ ಮೇಲೆ ಕಳ್ಳತನದ ಮುದ್ರೆ ಒತ್ತುವುದು ಏಕೆ? ಕಲಬೆರಕೆ ಮಾಡುವ ವರ್ತಕನಿದ್ದಾನೆಂದು ವ್ಯಾಪಾರವನ್ನೇ ಯಾರೂ ಬೈಗುಳವಾಗಿಸಿಲ್ಲ. ಪಂಚರ್ ಹಾಕುವುದನ್ನು ಮಾತ್ರ ಬೈಗುಳವಾಗಿಸಿದ್ದೇವೆ. 'ಓದದಿದ್ದರೆ ಪಂಚರ್ ಹಾಕಬೇಕಾದೀತು' ಎಂದು ಮಕ್ಕಳನ್ನು ಹೆದರಿಸುತ್ತೇವೆ. ಒಂದು ಸಮುದಾಯದವರನ್ನು ಹೀಯಾಳಿಸಲು ಇದೇ ಮಾತನ್ನು ಸಭೆಗಳಲ್ಲಿ, ಮೊಬೈಲಿನ ಗುಂಪುಗಳಲ್ಲಿ ನಗುನಗುತ್ತ ಬಳಸುತ್ತೇವೆ. ಬಳಸುವವರಲ್ಲಿ ಹಣೆಗೆ ವಿಭೂತಿ ಧರಿಸಿದವರೂ ಇದ್ದಾರೆಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಅನುಭವ ಮಂಟಪದ ಶರಣರು ತಮ್ಮ ಕಸುಬನ್ನು ಹೆಸರಿನ ಹಿಂದೆ ಮರೆಮಾಡಲಿಲ್ಲ. ಹೆಸರಿನ ಮುಂದೆಯೇ ಇರಿಸಿಕೊಂಡರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂದು ನಾವು ಭಕ್ತಿಯಿಂದ ಉಚ್ಚರಿಸುವ ಒಂದೊಂದು ಹೆಸರಿನಲ್ಲಿಯೂ ಒಂದೊಂದು ಕೈಕೆಲಸವಿದೆ. ಹುಟ್ಟು ಹಾಕುವುದು, ಬಟ್ಟೆ ಒಗೆಯುವುದು, ಬುಟ್ಟಿ ಹೆಣೆಯುವುದು, ಹಗ್ಗ ಹೊಸೆಯುವುದು ಅಂದಿನ ಸಮಾಜದಲ್ಲಿ ಮೇಲೆನಿಸಿದ ವೃತ್ತಿಗಳೇನೂ ಆಗಿರಲಿಲ್ಲ. ಟೈರಿನ ಕಸುಬು ಆಗ ಇರಲಿಲ್ಲ. ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನು ಬೆಲ್‌ಫಾಸ್ಟಿನಲ್ಲಿ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರು ಕೊಳವೆ ಕಟ್ಟಿದ್ದೇ 1888ರ ಹೊತ್ತಿಗೆ. ಇದ್ದಿದ್ದರೆ ಆ ಕಸುಬಿನ ಹೆಸರು ಹೊತ್ತ ಶರಣರೊಬ್ಬರನ್ನು ನಾವು ಇಂದು ಸ್ಮರಿಸುತ್ತಿದ್ದೆವೆಂಬುದರಲ್ಲಿ ನನಗೆ ಸಂಶಯವಿಲ್ಲ. ಹನ್ನೆರಡನೆಯ ಶತಮಾನದ ಹಗ್ಗಕ್ಕೆ ಕೈಮುಗಿದು, ಇಂದಿನ ರಬ್ಬರಿನ ಪಟ್ಟಿಯನ್ನು ಹೀಯಾಳಿಸುವವನಿಗೆ ಕಾಯಕದ ಮಾತೆತ್ತುವ ಅಧಿಕಾರ ಎಲ್ಲಿಂದ ಬಂತು?

ಆ ಹುಡುಗನ ಕೆಲಸವನ್ನು ನಾನು ನೋಡುತ್ತ ನಿಂತೆ. ಮೊದಲು ಗಾಳಿ ತುಂಬಿ, ಟೈರಿನ ಮೇಲೆಲ್ಲ ಸಾಬೂನು ನೀರು ಹಚ್ಚಿ, ಸಾವಕಾಶವಾಗಿ ಒಂದು ಸುತ್ತು ತಿರುಗಿಸಿದ. ನಾನು ತೋರಿಸಿದ ತೂತಿನಲ್ಲಿಯೇ ಗುಳ್ಳೆ ಎದ್ದಿತ್ತು, ಆದರೂ ಆತ ನಿಲ್ಲಿಸದೆ ಸುತ್ತು ಪೂರ್ತಿ ಮಾಡಿದ. ವಾಲ್ವಿನ ಬುಡಕ್ಕೂ ಒಂದು ಹನಿ ಬಿಟ್ಟು ನೋಡಿದ. ಬಳಿಕ ಹಿಡಿಕೆಯುಳ್ಳ ಒರಟು ಅರದಂಥ ಉಪಕರಣವನ್ನು ತೂತಿನೊಳಗೆ ತೂರಿಸಿ ತಿರುವಿದ. ಗಾಯವನ್ನು ಇನ್ನಷ್ಟು ದೊಡ್ಡದು ಮಾಡುತ್ತಿದ್ದಾನಲ್ಲ ಎಂದು ನನಗೆ ಅಳುಕಾಯಿತು. ತೂತಿನ ಒಳಬದಿ ಹೀಗೆ ಒರಟಾಗದಿದ್ದರೆ ಅಂಟು ಹಿಡಿಯದು ಎಂದ. ಜಿಗುಟು ರಬ್ಬರಿನ ಪಟ್ಟಿಯೊಂದನ್ನು ದಬ್ಬಣದಂಥ ಸೂಜಿಯ ಕಣ್ಣಿಗೆ ಪೋಣಿಸಿ, ಸೊಲ್ಯೂಷನ್ ಸವರಿ, ಮೈಭಾರವನ್ನೆಲ್ಲ ಹಾಕಿ ಒಳಗೆ ಒತ್ತಿದ. ಎರಡು ತುದಿಗಳು ಹೊರಗೆ ಉಳಿದಿರುವಂತೆಯೇ ಸೂಜಿಯನ್ನು ಚಕ್ಕನೆ ಎಳೆದ. ಪಟ್ಟಿ ಒಳಗೆ ಮಡಚಿ ನಿಂತಿತು. ಹೊರಗಿನ ತುದಿಗಳನ್ನು ಬ್ಲೇಡಿನಿಂದ ಕೊಯ್ದು, ಗಾಳಿ ತುಂಬಿ, ಮತ್ತೊಮ್ಮೆ ಸಾಬೂನು ನೀರು ಹಚ್ಚಿದ. ಗುಳ್ಳೆಯಿಲ್ಲ. ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಟ್ಯೂಬಿನ ಕೆಲಸವಾದರೆ ಇದಕ್ಕಿಂತ ನಾಜೂಕು: ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತೂತು ಹುಡುಕಬೇಕು, ಉಜ್ಜಿ ಒರಟು ಮಾಡಬೇಕು, ಹಚ್ಚಿದ ಸೊಲ್ಯೂಷನ್ ಅರೆ ಒಣಗುವವರೆಗೆ ಕಾಯಬೇಕು, ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ಮುಳ್ಳು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕಾಯುವ ತಾಳ್ಮೆಯಿಲ್ಲದವನು ಹಾಕಿದ ತೇಪೆ ಮುಂದಿನ ಊರಿಗೇ ಏಳುತ್ತದೆಂದು ಆತನೇ ಹೇಳಿದ.

"ಎಷ್ಟು ಗಾಳಿ ಹಾಕಿಸ್ತೀರಿ, ಸರ್?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ವಾಹನದ ಕೈಪಿಡಿಯಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಮೂರು ವರ್ಷ ಸವಾರಿ ಮಾಡಿಯೂ ನಾನು ಓದಿರಲಿಲ್ಲ. ನನ್ನ ಸ್ಕೂಟರಿನಂಥವುಗಳಿಗೆ ಒಬ್ಬರೇ ಕುಳಿತರೆ ಮುಂದೆ 22, ಹಿಂದೆ 29 ಪಿಎಸ್‌ಐ ಇರಬೇಕು, ಹಿಂಬದಿಯಲ್ಲಿ ಇನ್ನೊಬ್ಬರಿದ್ದರೆ ಹಿಂದಿನದಕ್ಕೆ ಇನ್ನಷ್ಟು ಬೇಕು. ಮುಂದಿನ ಗಾಲಿಯನ್ನೂ ಅಳೆದ, 14 ತೋರಿಸಿತು. ಅದು ನನ್ನದೇ ಅಲಕ್ಷ್ಯ. ವಾರಕ್ಕೊಮ್ಮೆ ಗಾಳಿ ನೋಡಿಸುವುದಕ್ಕೆ ಎರಡು ನಿಮಿಷ ಬೇಕು. ಪಟ್ಟಿ, ಸೂಜಿ, ಅರ, ಕಾಲಿನಿಂದ ಒತ್ತುವ ಸಣ್ಣ ಪಂಪು ಸೀಟಿನಡಿಯಲ್ಲಿ ಹಿಡಿಯುತ್ತವೆ. ಈಗ ನಾನೂ ಅವನ್ನು ಇಟ್ಟುಕೊಂಡಿದ್ದೇನೆ. ಮಠದ ಅಂಗಳದಲ್ಲಿ ಸವೆದ ಟೈರೊಂದರ ಮೇಲೆ ಅಭ್ಯಾಸವನ್ನೂ ಮಾಡಿದ್ದೇನೆ. ಮೊದಲ ಮೂರು ಪಟ್ಟಿಗಳು ಸೂಜಿಯೊಡನೆಯೇ ಹೊರಬಂದವು. ಆತ ಒಂದೇ ಎಳೆತದಲ್ಲಿ ಮುಗಿಸಿದ ಕೆಲಸದಲ್ಲಿ ಎಷ್ಟು ಅಭ್ಯಾಸ ಅಡಗಿತ್ತೆಂಬುದು ನನಗೆ ತಿಳಿದದ್ದು ಆಗಲೇ.

ಆತ ಕೇಳಿದ್ದು ನೂರು ರೂಪಾಯಿ. ಕಾರಿನವರ ಮಾತಿಗೆ ಪರಿಹಾರವೆಂಬಂತೆ ಅಜ್ಜಾರು ಇನ್ನೂರು ಕೊಡಹೋದರು. ಆತ ಒಂದು ನೋಟನ್ನು ಮರಳಿಸಿ, "ಕೆಲಸಾ ನೂರರದ್ದ ಐತ್ರಿ ಅಜ್ಜಾರ" ಎಂದ. ಗಂಡನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆಯನ್ನು ನಾನು ಪ್ರವಚನದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಕ್ಷಣದಲ್ಲಿ ಅದು ನೆನಪಾಗಲಿಲ್ಲ. ನೆನಪಾದದ್ದು ಹುನಗುಂದ ದಾಟಿದ ಮೇಲೆ. ಅಜ್ಜಾರಿಗೆ ಹೇಳಿದೆ. ಹೆಲ್ಮೆಟ್ಟಿನೊಳಗಿಂದ ಅವರು ಏನೋ ಅಂದರು, ಗಾಳಿಯಲ್ಲಿ ಕೇಳಿಸಲಿಲ್ಲ.

ಸಂಜೆ ಮರಳುವಾಗ ಅವರು ಅದೇ ಅಂಗಡಿಯ ಮುಂದೆ ನಿಲ್ಲಿಸೆಂದರು. ಹುಡುಗ ಹಿಂದಿನ ಗಾಲಿಯ ಗಾಳಿ ಅಳೆದ, ಇಳಿದಿರಲಿಲ್ಲ. ವಾಲ್ವಿನ ಟೋಪಿಯನ್ನು ಬೆಳಿಗ್ಗೆ ಹಾಕಲು ಮರೆತಿದ್ದೆನೆಂದು ಜೇಬಿನಿಂದ ತೆಗೆದು ತಿರುಪಿದ. ಅಜ್ಜಾರು ಕರದಂಟಿನ ಪೊಟ್ಟಣ ಬಿಚ್ಚಿ ಅರ್ಧವನ್ನು ಆತನ ಕೈಗಿತ್ತರು. ಇದನ್ನು ಮಾತ್ರ ಆತ ಮರಳಿಸಲಿಲ್ಲ.