ಕೊನೆಯಿಲ್ಲದ ಆರಂಭ

ಈ ವರ್ಷದ ಸ್ನೇಹ ಸಮ್ಮೇಳನದ ನಿಮಿತ್ತ ನಮ್ಮ ಕಾಲೇಜಿನ ಸೂಚನಾಫಲಕದ ಮೇಲೆ ಒಂದು ಹೊಸ ಸ್ಪರ್ಧೆಯ ಪ್ರಕಟಣೆ ಬಂದಿತು. ಥ್ರಿಲ್ಲರ್ ಚಿತ್ರವೊಂದರ ಮೊದಲ ಎರಡು ನಿಮಿಷಗಳನ್ನಷ್ಟೇ ತೆಗೆದು ತೋರಿಸಬೇಕು. ಮುಂದಿನ ಕಥೆ ಬೇಕಿಲ್ಲ. ಇದನ್ನು ಓದಿದೊಡನೆ ನಾವು ನಾಲ್ವರು ಗೆಳೆಯರು ಕುಣಿದಾಡಿದೆವು. ಕಥೆಯನ್ನು ಬೆಳೆಸುವ ತೊಡಕಿಲ್ಲ, ಮುಗಿಸುವ ಹೊಣೆಯಿಲ್ಲ. ಹೆದರಿಸಿ ಎದ್ದು ಬಂದರಾಯಿತು! ಇದಕ್ಕಿಂತ ಸುಲಭವಾದ ಸ್ಪರ್ಧೆ ಮತ್ತಾವುದಿದ್ದೀತು ಎಂದು ತಿಳಿದೆವು. ಹಾಗೆ ತಿಳಿದುದು ಎಷ್ಟು ತಪ್ಪೆಂಬುದನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದೆ ಹೇಳಿಕೊಳ್ಳುವುದೇ ಈ ಲೇಖನದ ಉದ್ದೇಶ.

ಪತ್ತೇದಾರಿ ಕಥೆಯ ಹುಚ್ಚು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಅಜ್ಜಂದಿರು ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಕೈಯಿಂದ ಕೈಗೆ ಸಾಗಿಸಿ ಓದಿದವರು. 1968ರಲ್ಲಿ ದೊರೆ-ಭಗವಾನರ ‘ಜೇಡರ ಬಲೆ’ ರಾಜಕುಮಾರರನ್ನು ಗುಪ್ತಚರನನ್ನಾಗಿ ತೋರಿಸಿತು. 1978ರಲ್ಲಿ ಕಾಶೀನಾಥರ ‘ಅಪರಿಚಿತ’, 2015ರಲ್ಲಿ ಅನೂಪ್ ಭಂಡಾರಿಯವರ ‘ರಂಗಿತರಂಗ’ ಬಂದವು. ಹೆದರಿಕೊಳ್ಳುವ ಆಸೆ ಅಂದಿನಂತೆಯೇ ಇದೆ; ಬದಲಾದುದು ಉಪಕರಣ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ವನ್ನು ತೆಗೆಯಲು ನಮ್ಮವರು ನೆರೆಯ ಕೊಲ್ಲಾಪುರದ ಸ್ಟುಡಿಯೋಕ್ಕೆ ಹೋಗಬೇಕಾಯಿತು. ಇಂದು ಕ್ಯಾಮೆರಾ ವಿದ್ಯಾರ್ಥಿಯ ಕಿಸೆಯಲ್ಲಿದೆ. ಚಿತ್ರಮಂದಿರವೂ, ಊರೂರಿಗೆ ಚಿತ್ರ ಹಂಚುವವನೂ ಅದೇ ಕಿಸೆಯಲ್ಲಿದ್ದಾರೆಂಬುದನ್ನು ಮಾತ್ರ ನಾವು ಮರೆತಿದ್ದೆವು.

ನಾನು ಖಾನಾಪುರದವನು, ದಿನಾಲು ಸುಮಾರು 26 ಕಿಲೋಮೀಟರು ಬಸ್ಸಿನಲ್ಲಿ ಬೆಳಗಾವಿಗೆ ಬಂದು ಕಲಿಯುವವರಲ್ಲೊಬ್ಬ. ಚಿತ್ರೀಕರಣಕ್ಕೆ ನನ್ನ ಊರನ್ನೇ ಆರಿಸಿದೆವು. ಆಷಾಢದಲ್ಲಿ ಖಾನಾಪುರಕ್ಕೆ ಹೋದವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ. ಕಣಕುಂಬಿಯ ಕಡೆಯಿಂದ ಏರಿ ಬರುವ ಮಳೆ, ಕೆಂಪಾಗಿ ಹರಿಯುವ ಮಲಪ್ರಭೆ, ಹಂಚಿನ ಮಾಡಿನಿಂದ ಸುರಿಯುವ ನೀರು, ಮಧ್ಯಾಹ್ನ ಮೂರಕ್ಕೇ ದೀಪ ಹಚ್ಚಬೇಕಾದ ಮಬ್ಬು: ಇವೆಲ್ಲ ಖರ್ಚಿಲ್ಲದೆ ಸಿಕ್ಕುವ ಸಾಮಗ್ರಿ.

ನಮ್ಮ ಚಿತ್ರ ಹೀಗಿತ್ತು. ಓಣಿಯಲ್ಲಿ ಆರು ವರ್ಷದ ಹುಡುಗಿಯೊಬ್ಬಳು (ಗೆಳೆಯನ ತಂಗಿ) ಚೆಂಡಾಡುತ್ತಿದ್ದಾಳೆ. ಓಣಿಯ ಕೊನೆಗೆ ಹೆಗಲ ಮೇಲೆ ಗೋಣಿಚೀಲ ಹೊತ್ತ ಗಡ್ಡದವನೊಬ್ಬ ಕಾಣಿಸಿಕೊಳ್ಳುತ್ತಾನೆ. ಅವನ ಕೈಯಲ್ಲಿ ಚಾಕೊಲೇಟು. ಚೆಂಡು ಉರುಳಿ ಗಟಾರಕ್ಕೆ ಬೀಳುತ್ತದೆ. ಮರುಕ್ಷಣ ಓಣಿ ಬರಿದಾಗಿದೆ. ದೂರದಲ್ಲಿ ಹೋಗುತ್ತಿರುವವನ ಚೀಲ ಮೊದಲಿಗಿಂತ ಭಾರವಾಗಿದೆ. ಒಟ್ಟು 118 ಸೆಕೆಂಡು. ಗಡ್ಡ ಅಂಟಿಸಿಕೊಂಡವನು ನಮ್ಮ ಗೆಳೆಯ. ಚೀಲದ ಒಳಗಿದ್ದುದು ಎರಡು ತಲೆದಿಂಬು.

ಚೀಲ ಮಾತ್ರ ನಿಜವಾದುದು. ಹಳೆಯ ಕಬ್ಬಿಣ, ಡಬ್ಬಿ, ಬಾಟಲಿ ಕೊಳ್ಳುತ್ತ ಓಣಿ ಓಣಿ ತಿರುಗುವ ಮೋಡಕಾದ ಕಾಕಾ ಒಬ್ಬರಿಂದ ಅದನ್ನು ಎರಡು ತಾಸಿನ ಮಟ್ಟಿಗೆ ಕೇಳಿ ಪಡೆದಿದ್ದೆವು. ಅವರು ಸಾಮಾನನ್ನೆಲ್ಲ ಕಟ್ಟೆಯ ಮೇಲೆ ಸುರಿದು, ಚೀಲ ಝಾಡಿಸಿ ಕೊಟ್ಟು, ನಮ್ಮ ಆಟವನ್ನು ನೋಡುತ್ತ ಕುಳಿತರು. ದುಡ್ಡು ಕೊಡಹೋದರೆ ಒಲ್ಲೆನೆಂದು ಚಹಾ ಮಾತ್ರ ಕುಡಿದರು. ಹೋಗುವಾಗ, “ಕಳ್ಳನ ಕೈಯಾಗ ನನ್ನ ಚೀಲಾನ ಯಾಕ ಬೇಕಾತ್ರೆಪಾ? ಕಳ್ಳರು ಸೂಟಕೇಸ್ ಹಿಡ್ಯೂದಿಲ್ಲೇನು?” ಎಂದು ನಕ್ಕರು. ನಾವೂ ನಕ್ಕೆವು.

ಮುಂದಿನದು ನನ್ನ ತಪ್ಪು. ಅಂದು ರಾತ್ರಿ ಚಿತ್ರವನ್ನು ಜೋಡಿಸಿ, ಹೆಸರಿನ ಫಲಕವನ್ನು ಇನ್ನೂ ಹಾಕದೆಯೇ, ಮನೆಯವರೂ ಬೀಗರೂ ಇರುವ ವಾಟ್ಸಾಪ್ ಗುಂಪಿಗೆ ಹೊಗಳಿಕೆಯ ಆಸೆಯಿಂದ ಕಳಿಸಿಬಿಟ್ಟೆ. ನಾಲ್ಕನೆಯ ದಿನ ಸಂಜೆ ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಖಾನಾಪುರದ ಬಸ್ಸಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಕುಳಿತ ಹೆಣ್ಣುಮಗಳೊಬ್ಬಳು ಜೊತೆಗಿದ್ದವಳಿಗೆ ಫೋನು ತೋರಿಸುತ್ತ, “ನೋಡವ್ವಾ, ಖಾನಾಪುರದ ಕಡೆ ಹಾಡಹಗಲ ಹುಡುಗೀನ್ನ ಚೀಲದಾಗ ಹಾಕ್ಕೊಂಡು ಹೋದ್ನಂತ” ಎನ್ನುತ್ತಿದ್ದಳು. ಇಣಿಕಿ ನೋಡಿದೆ, ನಮ್ಮ ಓಣಿ, ನಮ್ಮ ಚೆಂಡು!

“ಅಕ್ಕಾರ, ಅದು ಖರೇದಲ್ರೀ. ನಾವು ತಗದ ಸಿನೆಮಾ. ಆ ಹುಡುಗಿ ಇವತ್ತ ಮುಂಜಾನೆ ಸಾಲಿಗೆ ಹೋಗ್ಯಾಳ” ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸಿನೆಮಾ ಅಂದ್ರ ಮುಂದಿಂದು ಎಲ್ಲೈತಿ?” ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನದನ್ನು ನಾವು ಯೋಚಿಸಿಯೇ ಇರಲಿಲ್ಲ.

ಆ ರವಿವಾರ ಮೋಡಕಾದ ಕಾಕಾ ಸಂತೆಯ ದಾರಿಯಲ್ಲಿ ಸಿಕ್ಕರು. ನಮ್ಮ ಓಣಿಯತ್ತ ಏಕೆ ಬಂದಿಲ್ಲವೆಂದು ಕೇಳಿದೆ. “ಬಂದಿದ್ನಿ. ಹೆಣ್ಣಮಕ್ಕಳು ಹುಡುಗರನ್ನ ಒಳಗ ಕರ್ಕೊಂಡ್ರು. ಚೀಲಾ ಬಿಚ್ಚಿ ತೋರ್ಸಂದ್ರು. ತೋರ್ಸಿದ್ನಿ. ಇನ್ನ ಆ ಕಡೆ ಬ್ಯಾಡ ಬಿಡ್ರಿ” ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಮರುದಿನ ನಾವು ನಾಲ್ವರೂ ಆ ಹುಡುಗಿಯನ್ನೇ ಮುಂದೆ ಮಾಡಿಕೊಂಡು ಎರಡು ಸಂಜೆ ಮನೆಮನೆಗೆ ಹೋಗಿ ತಿಳಿಸಿಹೇಳಿದೆವು. ನಮ್ಮ ಓಣಿಯ ಮಟ್ಟಿಗೆ ಸರಿಹೋಯಿತು. ಆದರೆ ಆ 118 ಸೆಕೆಂಡುಗಳು ಇನ್ನೂ ಎಷ್ಟು ಊರುಗಳ ಫೋನುಗಳಲ್ಲಿವೆಯೋ, ಅಲ್ಲೆಲ್ಲ ಹುಡುಗಿಯನ್ನು ಕರೆದುಕೊಂಡು ಹೋಗುವುದು ಸಾಧ್ಯವೆ?

ಇಷ್ಟಕ್ಕೇ ಇಷ್ಟು ದೊಡ್ಡ ಮಾತೇಕೆ ಎನ್ನುವವರಿಗೆ 2018ನೆಯ ಇಸವಿಯನ್ನು ನೆನಪಿಸಬಯಸುತ್ತೇನೆ. ಆ ವರ್ಷ ಮಕ್ಕಳ ಕಳ್ಳರ ವದಂತಿ ನಾಡಿನ ತುಂಬ ಹರಿದಾಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊಟ್ಟೆಪಾಡಿಗೆ ಬಂದಿದ್ದ ರಾಜಸ್ಥಾನದ ತರುಣನನ್ನು ಜನ ಹೊಡೆದು ಕೊಂದರು. ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಇಂಜಿನಿಯರನೊಬ್ಬ ಅದೇ ಬಗೆಯಾಗಿ ಸತ್ತನು. ಅವನ ಜೊತೆಯವರು ಶಾಲೆಯ ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂಶಯಕ್ಕೆ ಮೂಲವಾಗಿತ್ತು. ನಮ್ಮ ಚಿತ್ರದಲ್ಲಿಯೂ ಚಾಕೊಲೇಟಿತ್ತೆಂಬುದನ್ನು ವಾಚಕರು ಮರೆಯಬಾರದು.

ಆ ದಿನಗಳಲ್ಲಿ ಎಲ್ಲೆಡೆ ಓಡಾಡಿದ ಒಂದು ತುಣುಕಿನಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಬಗೆಗೆ ಎಚ್ಚರವಿರಲೆಂದು ತಂದೆತಾಯಿಗಳಿಗೆ ಹೇಳಲು ತೆಗೆದ ಚಿತ್ರ. ಮೂಲದಲ್ಲಿ ಆ ಇಬ್ಬರು ಕೂಡಲೇ ತಿರುಗಿ ಬಂದು, ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ಹಿಡಿದು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದರು. ಒಳ್ಳೆಯ ಉದ್ದೇಶದ ಚಿತ್ರವು ಅಷ್ಟರಿಂದಲೇ ವಿಷವಾಯಿತು. ಆ ಜುಲೈಯಲ್ಲಿಯೇ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಕಟ್ಟು ಹಾಕಿತು. ಆದರೆ ಅವರ ಚಿತ್ರದ ಕೊನೆಯನ್ನು ಬೇರೊಬ್ಬರು ಕತ್ತರಿಸಬೇಕಾಯಿತು; ನಾವಾದರೋ ಕೊನೆಯಿಲ್ಲದೆಯೇ ತೆಗೆದಿದ್ದೆವು.

ಇಲ್ಲಿಂದ ನಾನು ಕಂಡುಕೊಂಡುದು ಇಷ್ಟು. ಥ್ರಿಲ್ಲರಿನ ಆರಂಭವೆಂದರೆ ಪ್ರೇಕ್ಷಕನಿಂದ ಸಂಶಯವನ್ನು ಸಾಲವಾಗಿ ಪಡೆಯುವುದು. ಪೂರ್ಣ ಚಿತ್ರವು ಎರಡು ತಾಸಿನೊಳಗೆ ಆ ಸಾಲವನ್ನು ತೀರಿಸುತ್ತದೆ: ಇವನಲ್ಲ, ಅವನು; ಹೀಗಲ್ಲ, ಹಾಗೆ. ಬರಿಯ ಆರಂಭವು ಸಾಲವನ್ನು ತೆಗೆದುಕೊಂಡು ಊರು ಬಿಡುತ್ತದೆ. ಸಾಲಗಾರರು ಬಂದು ಚೀಲ ಹೊತ್ತ ಬಡವನ ಕೊರಳಪಟ್ಟಿ ಹಿಡಿಯುತ್ತಾರೆ. ಕೊನೆಯಿಲ್ಲದ ಆರಂಭಕ್ಕೆ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಒಂದು ಹೆಸರಿದೆ. ಅದು ವದಂತಿ.

‘ಹಾಗಾದರೆ ಕಥೆಯಲ್ಲಿ ದುಷ್ಟನೇ ಇರಬಾರದೆ?’ ಎಂದು ಗೆಳೆಯನೊಬ್ಬ ವಾದಿಸಿದ. ಇರಬೇಕು, ಅವಶ್ಯವಾಗಿ ಇರಬೇಕು. ನಮ್ಮ ದೊಡ್ಡಾಟದಲ್ಲಿ ರಕ್ಕಸ ಬರುವುದಿಲ್ಲವೆ? ಮಕ್ಕಳು ಅವನನ್ನು ಕಂಡು ತಾಯಿಯ ಸೆರಗಿನಲ್ಲಿ ಅಡಗುತ್ತವೆ. ಆದರೆ ಸಾರಥಿ ಅವನನ್ನು ತಡೆದು ‘ತಾವು ಯಾರು?’ ಎಂದು ಕೇಳುತ್ತಾನೆ. ಅವನು ತನ್ನ ಹೆಸರನ್ನೂ ಊರನ್ನೂ ತಾನೇ ಸಾರಿಕೊಳ್ಳುತ್ತಾನೆ. ಕಿರೀಟವಿದೆ, ಬಣ್ಣವಿದೆ, ಅಟ್ಟದ ಅಂಚಿದೆ. ಬೆಳಗಾದ ಮೇಲೆ ಆ ರಕ್ಕಸನೇ ಹೊಲಕ್ಕೆ ಹೊರಟರೆ ಯಾರೂ ಕಲ್ಲೆಸೆಯುವುದಿಲ್ಲ. ಫೋನಿನ ಚಿತ್ರಕ್ಕೆ ಅಟ್ಟದ ಅಂಚಿಲ್ಲ. ಅದನ್ನು ನಾವೇ ಕಟ್ಟಬೇಕು.

ಇನ್ನು, ಅಪರಿಚಿತನ ಮುಖವಿಲ್ಲದೆ ಭಯ ಹುಟ್ಟದೆಂಬುದೂ ಸರಿಯಲ್ಲ. ಹಿಚ್‌ಕಾಕ್ ಮಹಾಶಯನು 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋನೊಡನೆ ಮಾತನಾಡುತ್ತ ಒಂದು ಉದಾಹರಣೆ ಕೊಟ್ಟನು: ಮೇಜಿನ ಕೆಳಗಿನ ಬಾಂಬು ತಟ್ಟನೆ ಸಿಡಿದರೆ 15 ಸೆಕೆಂಡಿನ ಬೆರಗು, ಬಾಂಬನ್ನು ಪ್ರೇಕ್ಷಕನಿಗೆ ಮೊದಲೇ ತೋರಿಸಿಟ್ಟರೆ ಮೇಜಿನ ಸುತ್ತಲಿನ ಸಾದಾ ಮಾತುಕತೆಯೇ 15 ನಿಮಿಷದ ತಳಮಳವಾಗುತ್ತದೆ. ಭಯವಿರುವುದು ಪ್ರೇಕ್ಷಕನಿಗೆ ತಿಳಿದಿರುವುದರಲ್ಲಿ. ಯಾವನೋ ಒಬ್ಬನ ಗಡ್ಡದಲ್ಲಲ್ಲ. ಪವನ್ ಕುಮಾರರ ‘ಯು ಟರ್ನ್’ (2016) ಹುಟ್ಟಿದುದು ಬೆಂಗಳೂರಿನ ಮೇಲ್ಸೇತುವೆಯ ಮೇಲೆ ದಾರಿ ಉಳಿಸಲೆಂದು ಅಡ್ಡಗಲ್ಲು ಸರಿಸುವ ಸಾಮಾನ್ಯ ಸವಾರರ ಸಣ್ಣ ತಪ್ಪಿನಿಂದ. ಅದನ್ನು ನೋಡುತ್ತ ನಾವು ಹೆದರುವುದು ನಮಗೇ.

ಗುರುಗಳೊಬ್ಬರ ಸೂಚನೆಯಂತೆ ಆಮೇಲೆ ನಾವು ಜರ್ಮನಿಯ ಫ್ರಿಟ್ಸ್ ಲಾಂಗನ 1931ರ ‘ಎಂ’ ಚಿತ್ರವನ್ನು ನೋಡಿದೆವು. ಅಲ್ಲಿಯೂ ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ. ಆದರೆ ತೋರಿಸುವುದೇನು? ತಾಯಿ ಇಟ್ಟ ಊಟದ ತಟ್ಟೆ ಹಾಗೆಯೇ ಇದೆ. ಚೆಂಡೊಂದು ಉರುಳಿ ಬಂದು ನಿಲ್ಲುತ್ತದೆ. ಬಲೂನು ತಂತಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಚೆಂಡು ನಮಗೇ ತಿಳಿಯದಂತೆ ಅಲ್ಲಿಂದ ಉರುಳಿ ಬಂದಿರಬೇಕು! ಮುಂದೆ ಅದೇ ಚಿತ್ರದಲ್ಲಿ, ಗಂಟೆ ಎಷ್ಟೆಂದು ಕೇಳಿದ ಹುಡುಗಿಗೆ ಉತ್ತರ ಹೇಳಿದ ಪಾಪದ ಮನುಷ್ಯನನ್ನು ಜನ ಮುತ್ತಿಕೊಳ್ಳುತ್ತಾರೆ. ಮುರ್ಕಿಯ ಘಟನೆಗೆ 87 ವರ್ಷ ಮೊದಲೇ ಲಾಂಗ್ ಇದನ್ನು ಕಂಡಿದ್ದನು.

ಸ್ಪರ್ಧೆಗೆ ಹತ್ತು ದಿನಗಳಿದ್ದುವು. ಮೊದಲಿನ ಚಿತ್ರವನ್ನು ಹಿಂತೆಗೆದುಕೊಂಡು ಹೊಸದೊಂದನ್ನು ತೆಗೆದೆವು. ಖಾನಾಪುರದ ಮಣ್ಣು ಕುಂಬಾರಿಕೆಗೂ ಹಂಚಿಗೂ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆ ನಮ್ಮೂರಲ್ಲಿಯೇ ಇದೆ. ಕುಂಬಾರರ ಮನೆಯೊಂದರ ಅಂಗಳದಲ್ಲಿ ಅವರ ಅಪ್ಪಣೆ ಪಡೆದು ಕ್ಯಾಮೆರಾ ಇಟ್ಟೆವು. ಮೇಲೆ ಮೂಲೆಯಲ್ಲಿ ‘ಕಾಲ್ಪನಿಕ ಚಿತ್ರ’ ಎಂಬ ಅಕ್ಷರಗಳು ಮೊದಲಿನಿಂದ ಕೊನೆಯವರೆಗೆ. ಚಪ್ಪರದ ಕೆಳಗೆ ತಿಗರಿ ತಿರುಗುತ್ತಿದೆ, ತಿರುಗಿಸಿದವರಿಲ್ಲ. ಅದರ ಮೇಲೆ ಅರ್ಧವಾದ ಗಡಿಗೆ. ಹಸಿಮಣ್ಣಿನಲ್ಲಿ ಚಿಕ್ಕ ಬೆರಳುಗಳ ಗುರುತು. ಒಂದು ಜೊತೆ ಸಣ್ಣ ಚಪ್ಪಲಿ. ಮಳೆ ಹನಿಯತೊಡಗುತ್ತದೆ, ಅಂಗಳದಲ್ಲಿ ಒಣಗಲಿಟ್ಟ ಗಡಿಗೆಗಳನ್ನು ಒಳಗಿಡಲು ಯಾರೂ ಬರುವುದಿಲ್ಲ. ಅವುಗಳ ಕಂಠ ಕರಗಿ ಬಾಗುತ್ತದೆ. ಹೊಳೆಯ ಸದ್ದು ಏರುತ್ತದೆ. ತಿಗರಿ ನಿಲ್ಲುತ್ತದೆ. ಅಷ್ಟೆ. 2019ರ ಆಗಸ್ಟಿನ ಮಹಾಪೂರವನ್ನು ಕಂಡ ನಮ್ಮ ಜಿಲ್ಲೆಯವರಿಗೆ ಆ ಸದ್ದಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ, ಯಾರೂ ಕೇಳದಿದ್ದರೂ, ಕಥೆಯ ಕೊನೆಯನ್ನು ಒಂದು ಪುಟದಲ್ಲಿ ಬರೆದು ಕೊಟ್ಟೆವು: ಹೊಳೆ ಏರಿದ ಸುದ್ದಿಗೆ ಮನೆಯವರೆಲ್ಲ ಓಡಿದ್ದಾರೆ, ಹುಡುಗಿ ಅಜ್ಜಿಯ ಮನೆಯಲ್ಲಿ ಕ್ಷೇಮವಾಗಿದ್ದಾಳೆ.

ನಮಗೆ ಬಹುಮಾನ ಬರಲಿಲ್ಲ. ಮೊದಲಿನದೇ ಹೆಚ್ಚು ಹೆದರಿಸುತ್ತಿತ್ತೆಂದು ಅನೇಕರು ಈಗಲೂ ಹೇಳುತ್ತಾರೆ; ಅದು ನಿಜವೂ ಇರಬಹುದು. ಆದರೆ ಪ್ರದರ್ಶನದ ದಿನ ನನ್ನ ಪಕ್ಕದಲ್ಲಿದ್ದ ಅಪರಿಚಿತ ಹುಡುಗನೊಬ್ಬ, “ಗಡಿಗಿ ಒಳಗ ಇಡಬೇಕಿತ್ತಲೇ ಯಾರರ” ಎಂದು ತನ್ನಷ್ಟಕ್ಕೆ ತಾನೇ ಗೊಣಗಿದುದನ್ನು ನಾನು ಕೇಳಿದೆ. ಹೆದರಿದವನು ಯಾರನ್ನಾದರೂ ಹೊಡೆಯಬೇಕೆನ್ನದೆ, ಏನನ್ನಾದರೂ ಉಳಿಸಬೇಕೆಂದರೆ ಆ ಭಯಕ್ಕೊಂದು ಬೆಲೆಯಿದೆಯೆಂದು ನನಗೆ ತೋರುತ್ತದೆ.

ಕೊನೆಯದಾಗಿ ಸಮ್ಮೇಳನದ ಕಾರ್ಯಕಾರಿ ಸಮಿತಿಗೆ ಒಂದು ಬಿನ್ನಹ. ಬರುವ ವರ್ಷವೂ ಈ ಸ್ಪರ್ಧೆ ನಡೆಯಲಿ, ನಡೆಯಲೇಬೇಕು. ಆದರೆ ಎರಡು ನಿಯಮಗಳು ಸೇರಲಿ: ಆರಂಭದೊಡನೆ ಕಥೆಯ ಮುಕ್ತಾಯವನ್ನೂ ಬರೆದು ಕೊಡಬೇಕು, ಕಾಲ್ಪನಿಕವೆಂಬ ಅಕ್ಷರಗಳು ಚಿತ್ರದಿಂದ ಕತ್ತರಿಸಲಾಗದಂತೆ ಉದ್ದಕ್ಕೂ ಇರಬೇಕು. ಇದರಿಂದ ನಮ್ಮ ಕಲೆಗೆ ಕುಂದುಂಟಾಗದು. ಮೋಡಕಾದ ಕಾಕಾ ಈಗ ಮತ್ತೆ ನಮ್ಮ ಓಣಿಗೆ ಬರುತ್ತಿದ್ದಾರೆ. ಆದರೆ ಓಣಿಯ ಬಾಯಿಗೆ ಬಂದೊಡನೆ ಚೀಲವನ್ನು ಹೆಗಲಿನಿಂದಿಳಿಸಿ, ಬಾಯಿ ತೆರೆದು, ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಾರೆ.