ಯಂತ್ರ ಹಂಚಿದರೆ ಸಾಲದು, ಹೊಲಿಗೆಗೆ ದರ ಕೊಡಿ!

ಹೊಲಿಗೆ ಯಂತ್ರ ಹಂಚದ ಪುಢಾರಿ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಚುನಾವಣೆ ಹತ್ತಿರ ಬಂದಿತೆಂದರೆ ಶಾಮಿಯಾನ ಏಳುತ್ತದೆ, ಕುಂಕುಮ ಹಚ್ಚಿದ ಯಂತ್ರಗಳು ಸಾಲಾಗಿ ನಿಲ್ಲುತ್ತವೆ, ಹಾರ ಹಾಕಿಸಿಕೊಂಡ ದೊಡ್ಡವರು ಒಬ್ಬೊಬ್ಬ ತಾಯಿಗೆ ಒಂದೊಂದನ್ನು ಮುಟ್ಟಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಇನ್ನು ಮೇಲೆ ನಿಮ್ಮ ಕಾಲ ಮೇಲೆ ನೀವು ನಿಂತಿರಿ ಎಂಬ ಉಪದೇಶವೂ ಆಗುತ್ತದೆ. ಫೋಟೋ ಪತ್ರಿಕೆಗೆ ಹೋಗುತ್ತದೆ, ದೊಡ್ಡವರು ಕಾರು ಹತ್ತುತ್ತಾರೆ, ತಾಯಿ ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ಬರುತ್ತಾಳೆ. ಅಲ್ಲಿಂದ ಮುಂದಿನ ಕಥೆಯನ್ನು ಯಾರೂ ಕೇಳುವುದಿಲ್ಲ. ನಾವು ಕೇಳುತ್ತೇವೆ: ಆ ಯಂತ್ರದ ಮೇಲೆ ಹೊಲಿದ ಬಟ್ಟೆಗೆ ದರ ಗೊತ್ತುಮಾಡುವವರು ಯಾರು?

ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಒಂದು ಹೊಲಿಗೆ ಯಂತ್ರ ಇರುವುದು ಎಂಥ ಆಸರೆ ಎಂಬುದು ಗಿರಣಿ ಕಾರ್ಮಿಕನ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಗಂಡಸರ ಸಂಬಳ ನಿಂತಿತು. ಎಷ್ಟೋ ಮನೆಗಳಲ್ಲಿ ಹೆಂಗಸರು ತುಳಿದ ಯಂತ್ರದಿಂದ ಒಲೆ ಉರಿಯಿತು. ಗಂಡ ತೀರಿಕೊಂಡವಳಿಗೆ, ಗಂಡ ಬಿಟ್ಟುಹೋದವಳಿಗೆ, ಕೂಸನ್ನು ಬಿಟ್ಟು ಹೊರಗೆ ಹೋಗಲಾರದವಳಿಗೆ ಅದೇ ಹೊಲ, ಅದೇ ಗದ್ದೆ. ಇನ್ನು ಈ ಕೈಗಳ ಜಾಣ್ಮೆಯ ಮಾತು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುವ ಅಜ್ಜಿಯರು ಉತ್ತರ ಕರ್ನಾಟಕದ ಊರೂರಿನಲ್ಲಿದ್ದಾರೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ದಾರಕ್ಕೆ ಗಂಟು ಹಾಕದೆ, ಎಳೆ ಎಣಿಸಿ, ಗೋಪುರ, ತೇರು, ತುಳಸಿಕಟ್ಟೆಗಳನ್ನು ಬಟ್ಟೆಯ ಮೇಲೆ ಇಳಿಸುತ್ತಾರೆ. ಸಂಡೂರಿನ ಲಂಬಾಣಿ ತಾಯಂದಿರ ಸೂಜಿಗೆಲಸ ಪರದೇಶಗಳಿಗೂ ಹೋಗಿದೆ. ಕಸೂತಿಗೂ ಸಂಡೂರಿನ ಕೆಲಸಕ್ಕೂ ಸರಕಾರ ಭೌಗೋಳಿಕ ಗುರುತನ್ನು ಕೊಟ್ಟಿದೆ. ಒಳ್ಳೆಯದೇ. ಆದರೆ ಆ ಗುರುತಿನ ಚೀಟಿ ಕಾಪಾಡುವುದು ಕಸೂತಿಯ ಹೆಸರನ್ನು. ಕಸೂತಿ ಹಾಕಿದವಳ ಕೂಲಿಯನ್ನು ಕಾಪಾಡುವ ಶಕ್ತಿ ಅದಕ್ಕಿಲ್ಲ.

ಮನೆಯ ಹೊಲಿಗೆಯ ಏರಿಳಿತವನ್ನು ಒಂದು ವರ್ಷದ ಪಂಚಾಂಗದಲ್ಲೇ ನೋಡಬಹುದು. ಉಗಾದಿಗೆ ಮುಂಚೆ, ಮದುವೆಯ ತಿಂಗಳಲ್ಲಿ, ಶಾಲೆ ತೆರೆಯುವ ಕಾಲದಲ್ಲಿ, ಗೌರಿ ಹಬ್ಬಕ್ಕೆ, ದೀಪಾವಳಿಗೆ ಆಕೆಗೆ ನಿದ್ದೆಯಿಲ್ಲ. ರವಿಕೆ ಹೊಲಿಯಬೇಕು, ಸೀರೆಗೆ ಫಾಲ್ಸ್ ಹಚ್ಚಬೇಕು, ಸೆರಗಿಗೆ ಕುಚ್ಚು ಕಟ್ಟಬೇಕು, ಕಾಜ ಮಾಡಿ ಗುಂಡಿ ಹಾಕಬೇಕು. ನಾಳೆ ಬೆಳಗ್ಗೆಯೇ ಬೇಕು ಎಂದು ಎಲ್ಲರೂ ಬಾಗಿಲಲ್ಲಿ ನಿಲ್ಲುತ್ತಾರೆ. ಆಷಾಢ ಬಂದಿತೆಂದರೆ ಯಂತ್ರದ ಮೇಲೆ ಬಟ್ಟೆ ಮುಚ್ಚುತ್ತದೆ. ಪಿತೃಪಕ್ಷದಲ್ಲಿ ಮತ್ತೊಮ್ಮೆ, ಧನುರ್ಮಾಸದಲ್ಲಿ ಇನ್ನೊಮ್ಮೆ. ದುಡಿಮೆಯಿದ್ದಾಗ ಹದಿನಾಲ್ಕು ಗಂಟೆ, ಇಲ್ಲದಾಗ ಸೊನ್ನೆ. ಆದರೆ ಹೊಟ್ಟೆಗೆ ಆಷಾಢವಿದೆಯೇ? ಮನೆ ಬಾಡಿಗೆಗೆ ಪಿತೃಪಕ್ಷವಿದೆಯೇ?

ಗಿರಣಿಯಲ್ಲಾದರೆ ಕಟ್ಟಡ ಧಣಿಯದು, ಮಗ್ಗ ಧಣಿಯದು, ದೀಪ ಧಣಿಯದು. ಮಗ್ಗ ಕೆಟ್ಟರೆ ರಿಪೇರಿ ಧಣಿಯದು. ಮನೆಯಲ್ಲಿ ಹೊಲಿಯುವವಳ ಲೆಕ್ಕ ನೋಡಿ. ಕೋಣೆ ಅವಳದು, ಯಂತ್ರ ಅವಳದು, ದಾರ, ಸೂಜಿ, ಎಣ್ಣೆ, ಬೆಲ್ಟು, ದೀಪ ಎಲ್ಲವೂ ಅವಳದು. ಹೊಲಿಗೆ ಸೊಟ್ಟಾದರೆ ನಷ್ಟ ಅವಳದು. ಬೆನ್ನು ನೋವು, ಕತ್ತು ನೋವು, ಕಣ್ಣು ಮಂಜಾದರೆ ಔಷಧದ ಖರ್ಚೂ ಅವಳದೇ. ಬಂಡವಾಳಗಾರ ಹೊರಬೇಕಾದ ಹೊರೆಯನ್ನೆಲ್ಲ ಹೊತ್ತು, ಲಾಭದಲ್ಲಿ ಮಾತ್ರ ಪಾಲಿಲ್ಲದ ಇಂಥ ವಿಚಿತ್ರ ಕಾರಖಾನೆ ಇನ್ನೆಲ್ಲಿದೆ?

ಇಲ್ಲಿ ಎರಡು ಬಗೆಯವರನ್ನು ಬೇರೆಬೇರೆಯಾಗಿ ನೋಡಬೇಕು. ಬೀದಿಯ ನಾಲ್ಕು ಮನೆಯವರ ರವಿಕೆ ಹೊಲಿದುಕೊಡುವ ಅಕ್ಕ ತನ್ನ ದರವನ್ನು ತಾನೇ ಹೇಳಬಲ್ಲಳು, ಒಂದಿಷ್ಟು ಚೌಕಾಶಿಯಾದರೂ ಮಾಡಬಲ್ಲಳು. ಕತ್ತರಿಸಿದ ಬಟ್ಟೆಯ ಗಂಟು ತಂದು ಹಾಕುವ ಏಜೆಂಟನಿಗೆ ಹೊಲಿಯುವವಳ ಪಾಡೇ ಬೇರೆ. ದರ ಅವನ ಬಾಯಲ್ಲಿ, ಗಡುವು ಅವನ ಕೈಯಲ್ಲಿ, ಚೆನ್ನಾಗಿಲ್ಲ ಎಂದು ವಾಪಸು ಎಸೆಯುವ ಹಕ್ಕೂ ಅವನದೇ. ಏಜೆಂಟನ ಹಿಂದೆ ಯಾವ ವ್ಯಾಪಾರಿ, ಆ ವ್ಯಾಪಾರಿಯ ಹಿಂದೆ ಯಾವ ಕಂಪನಿ ಎಂಬುದು ಆಕೆಗೆ ತಿಳಿಯದು. ಹೀಗಿದ್ದೂ ಆಕೆಯನ್ನು ಸ್ವಂತ ಉದ್ಯೋಗಿ ಎಂದು ಕರೆದು ಚಪ್ಪಾಳೆ ತಟ್ಟುತ್ತಾರೆ. ಹಗ್ಗದ ತುದಿ ಇನ್ನೊಬ್ಬನ ಕೈಯಲ್ಲಿರುವಾಗ ಎತ್ತಿಗೆ ನೀನು ಸ್ವತಂತ್ರ ಎಂದರೆ ಏನು ಬಂತು?

ಬಿಡುವಿನ ವೇಳೆಯ ಕೆಲಸಕ್ಕೆ ಕೂಲಿಯ ಮಾತೇಕೆ ಎಂದು ಕೆಲವರು ಕೇಳುತ್ತಾರೆ. ಯಾರ ಬಿಡುವು? ನಸುಕಿನಲ್ಲಿ ಎದ್ದು ನೀರು ಹಿಡಿದು, ರೊಟ್ಟಿ ಬಡಿದು, ಗಂಡನ ಪಾಳಿಗೆ ಬುತ್ತಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಪಾತ್ರೆ ಬಟ್ಟೆ ಮುಗಿಸಿ ಯಂತ್ರದ ಮುಂದೆ ಕೂತವಳದು ಬಿಡುವಲ್ಲ, ಎರಡನೆಯ ಪಾಳಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮತ್ತೆ ಕೂರುತ್ತಾಳಲ್ಲ, ಅದು ಮೂರನೆಯದು. ಗಿರಣಿಯಲ್ಲಿ ಎಂಟು ಗಂಟೆಯ ಮೇಲೆ ದುಡಿದರೆ ಹೆಚ್ಚಿನ ಕೂಲಿ ಕೇಳುವ ನಾವು, ಮನೆಯ ಮೂರನೆಯ ಪಾಳಿಯನ್ನು ಹವ್ಯಾಸವೆಂದು ಕರೆಯಲು ಬಿಡಬೇಕೇ?

ಇದು ಹೊಸ ಮೋಸವೇನೂ ಅಲ್ಲ. ಫ್ರಾನ್ಸಿನ ದರ್ಜಿ ತಿಮೊನಿಯೆ 1830 ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟು ಪಡೆದಾಗ, ಅನ್ನಕ್ಕೆ ಕಲ್ಲು ಬಿತ್ತೆಂದು ಹೆದರಿದ ಪ್ಯಾರಿಸಿನ ದರ್ಜಿಗಳು ಮರುವರ್ಷವೇ ಅವನ ಯಂತ್ರಗಳನ್ನು ಒಡೆದುಹಾಕಿದರು. ಅಮೆರಿಕೆಯಲ್ಲಿ ಸಿಂಗರ್ 1851 ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟು ಪಡೆದ. ಕೆಲವೇ ವರ್ಷಗಳಲ್ಲಿ, 1856 ರಿಂದ, ಅವನ ಕಂಪನಿ ಯಂತ್ರವನ್ನು ಕಂತಿನ ಮೇಲೆ ಮಾರತೊಡಗಿತು. ಬಡವರ ಮನೆಗೂ ಯಂತ್ರ ಬಂತು. ಅದರೊಡನೆ ಕಂತಿನ ಸಾಲವೂ ಬಂತು. ಕೈಯಲ್ಲಿ ದಿನವಿಡೀ ಹೊಲಿಯುವ ಅಂಗಿ ಗಂಟೆಗಳಲ್ಲಿ ಮುಗಿಯುವಂತಾದರೂ ಹೊಲಿಯುವವಳಿಗೆ ವಿಶ್ರಾಂತಿ ಸಿಗಲಿಲ್ಲ. ಕೆಲಸ ಬೇಗ ಆಗುತ್ತದಲ್ಲ ಎಂದು ಧಣಿಗಳು ತುಂಡಿನ ದರವನ್ನೇ ಇಳಿಸಿದರು.

ಲಂಡನ್ನಿನ ಪತ್ರಿಕೆಯೊಂದು 1906 ರಲ್ಲಿ ಇಂಥ ಮನೆಗೆಲಸದವರ ಬಾಳನ್ನು ಪ್ರದರ್ಶನಕ್ಕಿಟ್ಟು ಊರಿನ ಕಣ್ಣು ತೆರೆಸಿತು. ಮುಂದೆ 1909 ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿ ಸಿದ್ಧ ಉಡುಪು, ಲೇಸು, ಕಾಗದದ ಪೆಟ್ಟಿಗೆ, ಸರಪಳಿ ಈ ನಾಲ್ಕು ಕಸುಬುಗಳಿಗೆ ಕನಿಷ್ಠ ದರ ಗೊತ್ತುಮಾಡುವ ಮಂಡಳಿಗಳನ್ನು ನೇಮಿಸಿತು. ಕಾಯಿದೆ ಬಂದೊಡನೆ ಕೂಲಿ ಬಂತೇ? ಇಲ್ಲ. ಕ್ರೇಡ್ಲಿ ಹೀತ್ ಎಂಬ ಊರಿನಲ್ಲಿ ಹಿತ್ತಿಲ ಕುಲುಮೆಗಳಲ್ಲಿ ಸರಪಳಿ ಬಡಿಯುತ್ತಿದ್ದ ಹೆಂಗಸರಿಗೆ ಗಂಟೆಗೆ 2½ ಪೆನ್ನಿ ಎಂದು ಮಂಡಳಿ ದರ ಕಟ್ಟಿದರೆ, ಹೊಸ ದರ ಬೇಡವೆಂದು ಬರೆದ ಕಾಗದಕ್ಕೆ ಅವರಿಂದಲೇ ಸಹಿ ಹಾಕಿಸಿಕೊಳ್ಳಲು ಧಣಿಗಳು ಹೊರಟರು. ಮೇರಿ ಮೆಕಾರ್ಥರ್ ಎಂಬ ಧೀರೆಯ ಮುಂದಾಳುತನದಲ್ಲಿ ಆ ಹೆಂಗಸರು 1910 ರಲ್ಲಿ ಹತ್ತು ವಾರ ಕೆಲಸ ನಿಲ್ಲಿಸಿ ಹೋರಾಡಿದರು, ಗೆದ್ದರು. ಮನೆಮನೆಯಲ್ಲಿ ಚದುರಿ ಕೂತವರು ಒಂದಾಗಲಾರರು ಎಂಬ ಮಾತು ಅಂದೇ ಸುಳ್ಳಾಯಿತು.

ನಮ್ಮ ದೇಶದ ಕಥೆಯೇನು? ನಮ್ಮ 1948 ರ ಕನಿಷ್ಠ ವೇತನ ಕಾಯಿದೆಯೇ, ಸಾಮಾನು ಪಡೆದು ಹೊರಗೆ ಕೆಲಸ ಮಾಡಿಕೊಡುವವರನ್ನು ನೌಕರರ ಸಾಲಿಗೆ ಸೇರಿಸಿತ್ತು. ಬೀಡಿ ಕಾರ್ಮಿಕರ 1966 ರ ಕಾಯಿದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಒಳಗೊಂಡಿತು. ಆಂಧ್ರಪ್ರದೇಶದ ಹೊಲಿಗೆ ಅಂಗಡಿಯೊಂದರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1973 ರಲ್ಲಿ ತೀರ್ಪು ಕೊಟ್ಟಿತು: ತುಂಡಿನ ಲೆಕ್ಕದಲ್ಲಿ ಕೂಲಿ ಪಡೆದರೂ, ಒಮ್ಮೊಮ್ಮೆ ಬಟ್ಟೆಯನ್ನು ಮನೆಗೊಯ್ದು ಹೊಲಿದರೂ ದರ್ಜಿಗಳು ನೌಕರರೇ, ಹೊಲಿಗೆ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಅಂಗಡಿಯವನಿಗಿದೆ ಎಂಬುದೂ ಅದಕ್ಕೊಂದು ಕಾರಣ. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು ಅದೇ ನ್ಯಾಯಾಲಯ 1985 ರಲ್ಲಿ ಹೇಳಿತು. ಬೀಡಿಯವರಿಗೆ ಸಿಕ್ಕ ನ್ಯಾಯ ಸೂಜಿಯವರಿಗೆ ಏಕಿಲ್ಲ?

ಅಹಮದಾಬಾದಿನ ಪಾಠವನ್ನು ಗಿರಣಿಯ ಗೆಳೆಯರು ವಿಶೇಷವಾಗಿ ನೆನೆಯಬೇಕು. ಅಲ್ಲಿ ಗಿರಣಿಗಳಿಂದ ಬಂದ ಚಿಂದಿಯನ್ನು ಜೋಡಿಸಿ ರಜಾಯಿಯ ಗವಸು ಹೊಲಿಯುವುದು ಬಡ ಹೆಂಗಸರ ಮನೆಗೆಲಸ. ಗಿರಣಿ ಕಾರ್ಮಿಕರ ಸಂಘದ ಮಹಿಳಾ ವಿಭಾಗದಿಂದಲೇ ಹುಟ್ಟಿದ 'ಸೇವಾ' ಸಂಘವನ್ನು ಇಳಾ ಭಟ್ ಮತ್ತು ಅವರ ಸಂಗಡಿಗರು 1972 ರಲ್ಲಿ ನೋಂದಾಯಿಸಲು ಹೋದಾಗ, ಮಾಲೀಕನೇ ಇಲ್ಲದ ಮೇಲೆ ಕಾರ್ಮಿಕ ಸಂಘವೆಂತಹುದು ಎಂದು ಇಲಾಖೆ ಅಡ್ಡಿ ತೆಗೆಯಿತು. ಅವರು ಬಿಡಲಿಲ್ಲ, ನೋಂದಾಯಿಸಿಯೇ ತೀರಿದರು. ಜಗತ್ತಿನ ಕಾರ್ಮಿಕ ಸಂಸ್ಥೆ 1996 ರಲ್ಲಿ ಮನೆಗೆಲಸದವರಿಗಾಗಿ 177ನೆಯ ಒಡಂಬಡಿಕೆ ಮಾಡಿತು. ಅದರ ಜೊತೆಗಿನ ಶಿಫಾರಸು, ದೀಪ, ಯಂತ್ರದ ರಿಪೇರಿ, ಸಾಮಾನು ಬಿಚ್ಚಿ ವಿಂಗಡಿಸುವ ಹೊತ್ತು ಇವುಗಳಿಗೂ ಹಣ ಕಟ್ಟಿಕೊಡಬೇಕು ಎನ್ನುತ್ತದೆ. ಭಾರತ ಸರಕಾರ ಆ ಒಡಂಬಡಿಕೆಗೆ ಇನ್ನೂ ಒಪ್ಪಿಗೆ ಒತ್ತಿಲ್ಲ.

ಹಳೆಯ ಕಾರ್ಮಿಕ ಕಾಯಿದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು 2025 ರ ನವೆಂಬರ್ 21 ರಿಂದ ಜಾರಿಗೆ ಬಂದಿವೆ. ಸಾಮಾಜಿಕ ಭದ್ರತೆಯ ಸಂಹಿತೆ ಮನೆಯಲ್ಲಿ ದುಡಿಯುವವರನ್ನು ಹೆಸರಿಸಿ ಅರ್ಥವಿವರಣೆ ಕೊಟ್ಟಿದೆ. ಅವರ ಕ್ಷೇಮವನ್ನು ಮಾತ್ರ ಮುಂದೆಂದೋ ಆಗುವ ಯೋಜನೆಗಳಿಗೆ ಬಿಟ್ಟಿದೆ. ವೇತನ ಸಂಹಿತೆಯಲ್ಲಿ ತುಂಡುಕೆಲಸಕ್ಕೂ ಕನಿಷ್ಠ ದರ ಕಟ್ಟುವ ಅಧಿಕಾರ ಸರಕಾರಕ್ಕಿದೆ. ಅಧಿಕಾರವಿದ್ದೂ ಕೈಕಟ್ಟಿ ಕೂರುವುದೇಕೆ? ಕೇಂದ್ರ ಸರಕಾರ 2023 ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಒಂದು. ಉಪಕರಣಕ್ಕೆ 15,000 ರೂ.; ಸೇಕಡಾ 5 ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ರೂ. ಸಾಲ. ಸಾಲವನ್ನು ತೀರಿಸುವುದು ಯಾವುದರಿಂದ? ಹೊಲಿದ ಕೂಲಿಯಿಂದ. ಕೂಲಿಗೆ ಕಟ್ಟು ಇಲ್ಲದಿದ್ದರೆ ಯಂತ್ರ ಉಳಿಯುವುದಿಲ್ಲ, ಸಾಲ ಉಳಿಯುತ್ತದೆ.

ದರ ಕಟ್ಟುವುದು ಬ್ರಹ್ಮವಿದ್ಯೆಯೇ? ಲೆಕ್ಕಕ್ಕಾಗಿ ಎಂಟು ಗಂಟೆಯ ದಿನಗೂಲಿ 480 ರೂ. ಎಂದಿಟ್ಟುಕೊಳ್ಳಿ. ಗಂಟೆಗೆ 60 ರೂ. ಆಯಿತು. ಒಂದು ತುಂಡು ಹೊಲಿಯಲು 20 ನಿಮಿಷ ಬೇಕಾದರೆ ಕೂಲಿ 20 ರೂ. ಅದರ ಮೇಲೆ ದಾರ, ದೀಪ, ಯಂತ್ರದ ಸವಕಳಿ. ಮೂರನೆಯ ಇಯತ್ತೆಯ ಹುಡುಗನೂ ಮಾಡುವ ಗಣಿತವಿದು. ಓದುಗರು ಈ ಹೊತ್ತು ಮನೆಯಲ್ಲಿ ಗಡಿಯಾರ ಇಟ್ಟು ಲೆಕ್ಕ ಹಾಕಿ ನೋಡಲಿ. ಏಜೆಂಟ ಕೊಡುವ ದರಕ್ಕೂ ಈ ದರಕ್ಕೂ ಇರುವ ಅಂತರವೇ ಧಣಿಯ ಗಂಟು.

ಗಿರಣಿಯ ಗೆಳೆಯರೇ, ಇದು ಹೆಂಗಸರ ವಿಷಯ ಎಂದು ಪುಟ ಮಗುಚಬೇಡಿ. ಮನೆಯಲ್ಲಿ ಅಗ್ಗದ ಕೈ ಸಿಗುವತನಕ ಧಣಿ ಕಾರಖಾನೆಯ ಕೂಲಿ ಏರಿಸುವುದಿಲ್ಲ. ಹೆಚ್ಚು ಮಾತಾಡಿದರೆ ಕೆಲಸವನ್ನು ಹೊರಗೆ ಕೊಡುತ್ತೇನೆ ಎನ್ನುತ್ತಾನೆ. ನಿಮ್ಮ ಹೆಂಡತಿಯ ಕಡಿಮೆ ಕೂಲಿಯೇ ನಿಮ್ಮ ಕುತ್ತಿಗೆಗೆ ಹಾಕಿದ ಉರುಲು.

ಚಿಕ್ಕ ಅಂಗಡಿಯ ಬಂಧುಗಳಿಗೂ ಒಂದು ಮಾತು. ದರ ಗೊತ್ತಾದರೆ ನಮ್ಮ ಗತಿಯೇನು ಎಂದು ನೀವು ಅಂಜುವುದು ಸಹಜ. ಆದರೆ ಇಂದು ನಿಮ್ಮನ್ನು ಮುಳುಗಿಸುತ್ತಿರುವವರು ಬೀದಿಯ ರವಿಕೆ ಹೊಲಿಯುವವಳಲ್ಲ. ಗುಡ್ಡದಷ್ಟು ಮಾಲನ್ನು ಅರೆಬೆಲೆಗೆ ಹೊಲಿಸಿ, ಫೋನಿನಲ್ಲೇ ಮಾರಿ, ಗಿರಾಕಿಯ ಮನೆ ಬಾಗಿಲಿಗೆ ತಲುಪಿಸುವ ದೊಡ್ಡ ಕಂಪನಿಗಳು ನಿಮ್ಮ ಗಲ್ಲಾಪೆಟ್ಟಿಗೆಯನ್ನು ಬರಿದು ಮಾಡುತ್ತಿವೆ. ದರ ಎಲ್ಲರಿಗೂ ಒಂದೇ ಆದರೆ ಅವರ ಅಗ್ಗದ ಆಟಕ್ಕೆ ಕಡಿವಾಣ ಬೀಳುತ್ತದೆ. ಆ ತಾಯಿಯ ಕೈಯಲ್ಲಿ ನಾಲ್ಕು ಕಾಸು ಆಡಿದರೆ ಅದು ನಿಮ್ಮ ಅಂಗಡಿಗೇ ಬರುವುದು, ಷೇರುಪೇಟೆಗೆ ಹೋಗುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಫಾಲ್ಸ್, ಕುಚ್ಚು, ಕಾಜ, ರವಿಕೆ, ಕಸೂತಿ ಪ್ರತಿಯೊಂದಕ್ಕೂ ರಾಜ್ಯ ಸರಕಾರ ಗಂಟೆಯ ಲೆಕ್ಕದ ಮೇಲೆ ಕನಿಷ್ಠ ತುಂಡುದರ ಕಟ್ಟಬೇಕು. ಎರಡು, ಕೆಲಸ ಕೊಡುವವನು ಮಾಲು, ದರ, ತಾರೀಖು ಬರೆದ ಪುಸ್ತಕವನ್ನು ಆಕೆಯ ಕೈಗೆ ಕೊಡಬೇಕು. ಏಜೆಂಟ ಕೈಯೆತ್ತಿದರೆ ಅವನ ಹಿಂದಿರುವ ವ್ಯಾಪಾರಿ ಕೂಲಿ ತೆರಬೇಕು. ಮೂರು, ತಮಿಳುನಾಡಿನಲ್ಲಿ ಮಹಿಳೆಯರ ಹೊಲಿಗೆ ಸಹಕಾರ ಸಂಘಗಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತವೆ. ನಮ್ಮ ಜಿಲ್ಲೆಯಲ್ಲೂ ಸರಕಾರಿ ಹೊಲಿಗೆಯ ಕೆಲಸವನ್ನು ಅಂಥ ಸಂಘಗಳಿಗೆ ಕೊಟ್ಟು ಆಷಾಢದ ಹೊಟ್ಟೆಗೂ ದಾರಿ ಮಾಡಬೇಕು. ನಾಲ್ಕು, 177ನೆಯ ಒಡಂಬಡಿಕೆಗೆ ಭಾರತ ಒಪ್ಪಿಗೆ ಕೊಡಬೇಕು.

ಬೇಡಿದ ಮಾತ್ರಕ್ಕೆ ಇವು ಸಿಗುವುದಿಲ್ಲ. ಕೇರಿಕೇರಿಯಲ್ಲಿ ಹೊಲಿಯುವ ಅಕ್ಕತಂಗಿಯರು ಒಂದು ಸಂಜೆ ಒಟ್ಟಿಗೆ ಕೂತು, ಯಾರಿಗೆ ಯಾವ ಕೆಲಸಕ್ಕೆ ಎಷ್ಟು ಸಿಗುತ್ತದೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಮೊದಲ ಹೆಜ್ಜೆ. ಆ ಸಭೆ ನಡೆಯುವ ಸಂಜೆ ಗಂಡಸರು ಮಕ್ಕಳನ್ನು ನೋಡಿಕೊಳ್ಳಲಿ, ಒಲೆ ಹಚ್ಚಲಿ. ಮುಂದಿನ ಸಲ ಶಾಮಿಯಾನ ಎದ್ದಾಗ, ಯಂತ್ರ ಕೊಡಲು ಬಂದವರನ್ನು ಎಲ್ಲರ ಎದುರು ಒಂದೇ ಪ್ರಶ್ನೆ ಕೇಳಿ: ಯಂತ್ರವಾಯಿತು, ಸ್ವಾಮಿ, ದರ ಎಷ್ಟು?