ಸೈನಿಕನ ಬೂಟನ್ನು ತೊಟ್ಟು ನೋಡುವವರು

ಬೆಟಗೇರಿಯ ನೇಕಾರರು ಸೀರೆಯನ್ನು ಮಗ್ಗದಿಂದ ಇಳಿಸಿ ಸಾಹುಕಾರರ ಅಂಗಡಿಗೆ ಒಯ್ದಾಗ ನಡೆಯುವ ಪರೀಕ್ಷೆಯನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಸೆರಗನ್ನು ಬೆಳಕಿಗೆ ಹಿಡಿಯುವುದು, ಎಳೆಯನ್ನು ಬೆರಳಿನಿಂದ ಸವರುವುದು, ಅಂಚನ್ನು ತೊಯ್ಸಿ ಬಣ್ಣ ಬಿಡುವುದೋ ಎಂದು ನೋಡುವುದು. ಅಲ್ಲಿ ತಪ್ಪಾದರೆ ಒಬ್ಬ ಗಿರಾಕಿ ಕೈತಪ್ಪಬಹುದು, ಅಷ್ಟೆ. ಆದರೆ ಮುಂಡರಗಿ ಕಡೆಯ ಒಬ್ಬ ತಾಯಿ ನಮ್ಮನ್ನು ಕೇಳಿದ ಪ್ರಶ್ನೆ ಇನ್ನೊಂದು ಬಗೆಯದು. ಲಡಾಖಿನಲ್ಲಿರುವ ಮಗನಿಗೆಂದು ಕಡಕ್ ರೊಟ್ಟಿ, ಶೇಂಗಾ ಚಟ್ನಿಗಳೊಡನೆ ಉಣ್ಣೆಯ ಸ್ವೆಟರೊಂದನ್ನು ಕಟ್ಟುತ್ತಿದ್ದ ಅವರು, "ಸರಕಾರದವ್ರು ಅವ್ಗ ಅಂಗಿ, ಬೂಟು ಕೊಡ್ತಾರಂತಲ್ರೀ, ಅದನ್ನ ಮೊದಲ ಯಾರರ ಹಾಕ್ಕೊಂಡು ನೋಡಿರ್ತಾರೇನ್ರಿ?" ಎಂದರು.

ನೋಡಿರುತ್ತಾರೆ. ವಸ್ತು ಹೇಗಿರಬೇಕೆಂಬುದನ್ನು ಸೇನೆಯು ಮೊದಲು ಬರೆದಿಡುತ್ತದೆ. ತೂಕವೆಷ್ಟು, ಎಂಥ ಚಳಿಯನ್ನು ತಡೆಯಬೇಕು, ಎಂಥ ಗುಂಡನ್ನು ನಿಲ್ಲಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಬಳಿಕ ಕಂಪನಿಗಳಿಂದ ಮಾದರಿಗಳನ್ನು ತರಿಸಿ, ಪ್ರಯೋಗಾಲಯದಲ್ಲಿಯೂ ಸೈನಿಕರ ಮೈಮೇಲೆಯೂ ಪರೀಕ್ಷಿಸುತ್ತಾರೆ. ಅದರಲ್ಲಿ ತೇರ್ಗಡೆಯಾದವರ ಬೆಲೆಯ ಲಕೋಟೆಗಳನ್ನು ಮಾತ್ರ ತೆರೆದು, ಕಡಿಮೆ ಬೆಲೆಯವರಿಗೆ ಗುತ್ತಿಗೆ ಕೊಡುವುದು ರೂಢಿ. ಹಿಮದ ಬೂಟನ್ನು ಹಿಮದಲ್ಲಿಯೇ ನೋಡಬೇಕಷ್ಟೆ. ಒಂದು ಚಳಿಗಾಲ ತಪ್ಪಿತೆಂದರೆ, ಮುಂಗಾರು ತಪ್ಪಿದ ನಮ್ಮ ಶಿರಹಟ್ಟಿಯ ರೈತನಂತೆ, ಮತ್ತೊಂದು ವರ್ಷ ಕಾಯಬೇಕು.

ಈ ಎಚ್ಚರವನ್ನು ನಾವು ತಪ್ಪೆನ್ನಲಾರೆವು. ಸೋತ ಕವಚವನ್ನು ತಿರಸ್ಕರಿಸಿದ ಅಧಿಕಾರಿ ಯಾವನೋ ಅಪರಿಚಿತ ಸಿಪಾಯಿಯ ಜೀವವನ್ನು ಉಳಿಸಿರುತ್ತಾನೆ. ನಮಗೆ ಸಂಕಟವಾಗುವುದು ಕಾಲದ ಲೆಕ್ಕವನ್ನು ನೋಡಿದಾಗ. ಗುಂಡುನಿರೋಧಕ ಕವಚಗಳ ಅಗತ್ಯವನ್ನು ರಕ್ಷಣಾ ಸಚಿವಾಲಯವು 2009ರಲ್ಲಿಯೇ ಒಪ್ಪಿತ್ತು. ಪರೀಕ್ಷೆಗೆ ಬಂದ ಮಾದರಿಗಳು ಸೋತವು, ಕಡತಗಳು ತಿರುಗಿದವು. ಕೊನೆಗೆ 2016ರಲ್ಲಿ ತುರ್ತು ಖರೀದಿಯೆಂದು 50,000 ಕವಚಗಳನ್ನು ತಯಾರಿಸುವ ಕೆಲಸ ನಮ್ಮ ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಮಟೀರಿಯಲ್ಸ್ ಕಂಪನಿಗೆ ಬಂದಿತು. 1,86,138 ಕವಚಗಳ ದೊಡ್ಡ ಗುತ್ತಿಗೆ, 639 ಕೋಟಿ ರೂಪಾಯಿಗಳದು, ಸಹಿಯಾದದ್ದು 2018ರ ಏಪ್ರಿಲಿನಲ್ಲಿ. ಒಂಬತ್ತು ವರ್ಷ! 2009ರಲ್ಲಿ ಸೇನೆಗೆ ಸೇರಿದ ಹುಡುಗನಿಗೆ ಅಷ್ಟರಲ್ಲಿ ಮದುವೆಯಾಗಿ ಶಾಲೆಗೆ ಹೋಗುವ ಮಗುವಿದ್ದರೂ ಇರಬಹುದು. ಇಂಥ ಕವಚಗಳಿಗೆ ಭಾರತದ್ದೇ ಆದ ಮಾನಕವು ಪ್ರಕಟವಾದದ್ದು ಕೂಡ ಆ 2018ರ ಡಿಸೆಂಬರಿನಲ್ಲಿ.

ಸಿಯಾಚಿನ್ ಎಂಬ ಹೆಸರು ನಮ್ಮ ಭಾಗದ ಮನೆಗಳಲ್ಲಿ ಮೊದಲು ಅಷ್ಟಾಗಿ ಕೇಳಿಬರುತ್ತಿರಲಿಲ್ಲ. ನೆರೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರು 2016ರ ಫೆಬ್ರವರಿ 3ರಂದು, ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮದಡಿ ಸಿಲುಕಿದರು. ಆರು ದಿನಗಳ ಮೇಲೆ ಜೀವಂತವಾಗಿ ದೊರೆತು, 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ಲಕ್ಷ್ಮೇಶ್ವರ, ಗದಗಗಳಲ್ಲಿ ರೇಡಿಯೋ, ದೂರದರ್ಶನಗಳ ಮುಂದೆ ಕುಳಿತು ಹರಕೆ ಹೊತ್ತವರು ಎಷ್ಟು ಮಂದಿಯೋ! ಕುಸಿದುಬಿದ್ದ ಹಿಮಗೋಡೆಯನ್ನು ಯಾವ ಅಂಗಿಯೂ ತಡೆಯಲಾರದು. ಅದಕ್ಕೆ ಉಡುಪನ್ನು ದೂಷಿಸುವುದು ನ್ಯಾಯವಲ್ಲ.

ಆದರೆ ಅದೇ ಕಾಲದ ಇನ್ನೊಂದು ಸಂಗತಿಯನ್ನು ಮಹಾಲೇಖಪಾಲರ ವರದಿಯು 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಟ್ಟಿತು. 2015ರ ನವೆಂಬರಿನಿಂದ 2016ರ ಸೆಪ್ಟೆಂಬರಿನವರೆಗೆ ಎತ್ತರದ ಪ್ರದೇಶಗಳ ಸೈನಿಕರಿಗೆ ಬಹುಬಳಕೆಯ ಬೂಟುಗಳು ದೊರೆಯದೆ, ಇದ್ದವನ್ನೇ ದುರಸ್ತಿ ಮಾಡಿ ಬಳಸಬೇಕಾಯಿತು. ಹಿಮಗನ್ನಡಕಗಳ ಕೊರತೆಯೂ ಬಹಳವಾಗಿತ್ತು. ಮುಖಗವಸು, ಜಾಕೀಟು, ಮಲಗುವ ಚೀಲಗಳನ್ನು ಹಳೆಯ ಮಾದರಿಯಲ್ಲಿಯೇ ಕೊಂಡಿದ್ದರು. ಅದು ಹಿಂದಿನ ವರ್ಷಗಳ ಮಾತು, ಈಗ ಸ್ಥಿತಿ ಸುಧಾರಿಸಿದೆ ಎಂದು ಸೇನೆಯು ಉತ್ತರಿಸಿತು. ಆ ಮಾತನ್ನು ನಂಬಲು ನಮಗೂ ಮನಸ್ಸಿದೆ. ಆದರೂ ಮಂಜಿನಲ್ಲಿ ಬೆರಳು ಕಳೆದುಕೊಂಡವನಿಗೆ ಮುಂದಿನ ವರ್ಷದ ಬೂಟಿನಿಂದ ಏನು ಪ್ರಯೋಜನ?

ಪರೀಕ್ಷೆ ಕಠಿಣವಾಗಿರಲಿ, ಅದರ ದಿನಗಳಿಗೊಂದು ಗಡುವಿರಲಿ, ಗಡುವು ಮೀರಿದರೆ ಉತ್ತರ ಕೊಡುವವರ ಹೆಸರು ಕಡತದಲ್ಲಿರಲಿ ಎಂದು ನಾವು ಕೇಳುತ್ತೇವೆ. ನಮ್ಮ ಭಾಗದ ಸಂಸದರು ಕೂಡ ಕಲಾಪದಲ್ಲಿ ಈ ಪ್ರಶ್ನೆಯನ್ನು ಕೇಳಬಹುದು, ಕೇಳಲೂಬೇಕು.

ಆ ತಾಯಿಗೆ ನಾವು ಇದನ್ನೆಲ್ಲ ವಿವರಿಸಲಿಲ್ಲ. ತೊಟ್ಟು ನೋಡಿಯೇ ಕೊಡುತ್ತಾರೆ, ಚಿಂತೆ ಮಾಡಬೇಡಿರಿ ಎಂದೆವು. ಸ್ವೆಟರನ್ನು ಗಂಟಿನಿಂದ ತೆಗೆಯಬೇಡಿರಿ ಎಂದೂ ಹೇಳಿ ಬಂದೆವು.